ಗಡಿಯಾರದ ಎರಡು ಗೀಟು

ಹಳೆಯ ಕಂಬಳಗಳ ಮಾತು ಬಂದಾಗ ನಮ್ಮ ಕಡೆಯ ನನ್ನ ಪ್ರಾಯದವರು ಈಗಲೂ ಒಂದು ವರ್ಷವನ್ನು ನೆನಪಿಸಿಕೊಳ್ಳುತ್ತಾರೆ. ಆ ವರ್ಷ ಕೋಣಗಳು ಹಿಂದೆಂದೂ ಇಲ್ಲದ ಹಾಗೆ ಓಡಿದವು ಎನ್ನುತ್ತಾರೆ. ನಾನು ಎದುರು ಹೇಳುವುದಿಲ್ಲ. ಹೇಳಹೊರಟರೆ ಮಾತು ಉದ್ದವಾಗುತ್ತದೆ, ನನಗೆ ಈಗ ಅಷ್ಟು ಉಸಿರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಆ ವರ್ಷ ಗದ್ದೆಯ ತುದಿಯಲ್ಲಿ ನಿಂತು ಗಡಿಯಾರ ಒತ್ತಿದ ಬೆರಳು ನನ್ನದು.

ಬಲ್ಮಠದಲ್ಲಿ ನನಗೊಂದು ವಾಚ್ ರಿಪೇರಿ ಅಂಗಡಿ ಇತ್ತು. ರಾಜ್ಯ ಒಂದಾಗಿ ಒಂದೆರಡು ವರ್ಷ ಆಗಿರಬೇಕು, ಕಾವೂರಿನ ಆಚೆಯ ಬಯಲಿನಲ್ಲಿ ಕಂಬಳ ನಡೆಸುತ್ತಿದ್ದ ಸಮಿತಿಯ ಹಿರಿಯರೊಬ್ಬರು ನಿಂತುಹೋದ ಸ್ಟಾಪ್ ವಾಚೊಂದನ್ನು ತಂದರು. ಅವರನ್ನು ಎಲ್ಲರೂ ದಣಿ ಎಂದೇ ಕರೆಯುತ್ತಿದ್ದರು. ಹೆಂಚಿನ ಕಾರ್ಖಾನೆಯ ಬಿಳಿ ದೊರೆಯೊಬ್ಬ ಊರು ಬಿಡುವಾಗ ಕೊಟ್ಟ ವಾಚಂತೆ. ಒಂದು ಸೆಕೆಂಡನ್ನು ಐದು ಪಾಲು ಮಾಡಿ, ಪಾಲಿಗೊಂದು ಸಣ್ಣ ಗೀಟು ಹಾಕಿದ ಒಳ್ಳೆಯ ವಾಚು. ಒಳಗೆ ಹೆಂಚಿನ ಧೂಳು ಕೂತಿತ್ತು, ಅಷ್ಟೆ. ಬಿಚ್ಚಿ ತೊಳೆದು ಎಣ್ಣೆ ಕೊಟ್ಟು, ರೇಡಿಯೊದ ಸಮಯದ ಸದ್ದಿಗೆ ಮೂರು ದಿನ ತಾಳೆ ನೋಡಿ ಕೊಟ್ಟೆ.

ದಣಿ ತೆಗೆದುಕೊಂಡು ಹೋಗಲಿಲ್ಲ. "ಪೊರ್ಬುಳೇ, ಇದನ್ನು ನೀವೇ ಹಿಡಿಯಬೇಕು," ಎಂದರು. ನಮ್ಮ ಕ್ರಿಸ್ತುವರನ್ನು ತುಳುವಿನವರು ಮರ್ಯಾದೆಯಿಂದ ಕರೆಯುವುದು ಹಾಗೆ. "ನಮ್ಮವರ ಕೈಯಲ್ಲಿ ಕೊಟ್ಟರೆ ಅವರವರ ಕೋಣಕ್ಕೆ ಅವರವರ ಟೈಮು. ನಿಮಗೆ ಕೋಣ ಇಲ್ಲ, ಗದ್ದೆ ಇಲ್ಲ, ಎಂತ ಬೇನೆಯೂ ಇಲ್ಲ." ಮಾತೆಲ್ಲ ತುಳುವಿನಲ್ಲಿ ನಡೆದದ್ದು. ನೆನಪಿಗೆ ಬಂದಷ್ಟನ್ನು ಕನ್ನಡದಲ್ಲಿ ಬರೆದಿದ್ದೇನೆ.

ಹೀಗೆ ಕೋಣದ ಬಾಲ ಹಿಡಿದೂ ಗೊತ್ತಿಲ್ಲದ ನಾನು ಕಂಬಳದ ಸಮಯ ಹಿಡಿಯುವವನಾದೆ.

ಕೋಣಗಳನ್ನು ಎರಡು ಬಗೆಯಲ್ಲಿ ವಿಂಗಡಿಸುತ್ತಿದ್ದರು. ಮೊದಲನೆಯದು ಹಿಂದೆ ಕಟ್ಟುವ ಸಾಮಾನಿನ ಮೇಲೆ. ನೊಗಕ್ಕೆ ಬರೀ ಹಗ್ಗ ಕಟ್ಟಿ ಓಡಿಸುವುದು ಒಂದು, ಹಗುರವಾದ ನೇಗಿಲು ಕಟ್ಟಿ ಓಡಿಸುವುದು ಇನ್ನೊಂದು, ಹಲಗೆಯ ಮೇಲೆ ಆಳು ನಿಂತು ಓಡಿಸುವುದು ಮತ್ತೊಂದು. ಎರಡನೆಯದು ಹಲ್ಲಿನ ಮೇಲೆ. ದನದ ಆಸ್ಪತ್ರೆಯ ಕಂಪೌಂಡರ್ ಒಬ್ಬ ಬಂದು ಒಂದೊಂದೇ ಕೋಣದ ಕೆಳತುಟಿ ಮಗುಚಿ ನೋಡುತ್ತಿದ್ದ. ಹಾಲುಹಲ್ಲು ಬಿದ್ದು ಎರಡೋ ನಾಲ್ಕೋ ದೊಡ್ಡ ಹಲ್ಲು ಬಂದಿದ್ದರೆ ಕಿರಿಯ. ಆರು ಬಂದಿದ್ದರೆ, ಇಲ್ಲವೇ ಎಂಟೂ ಬಂದು ಬಾಯಿ ಪೂರ್ತಿ ಕೂಡಿದ್ದರೆ, ಹಿರಿಯ. ಹಲ್ಲು ನೋಡುವಾಗ ಆಗುತ್ತಿದ್ದಷ್ಟು ಜಗಳ ಓಟದಲ್ಲೂ ಆಗುತ್ತಿರಲಿಲ್ಲ.

ಗಡಿಯಾರ ಬಂದ ಮೇಲೆ ಸಮಿತಿ ಮೂರನೆಯದೊಂದು ನಿಯಮ ಸೇರಿಸಿತು. ನೇಗಿಲು ಕಿರಿಯದಲ್ಲಿ ಹದಿನೈದು ಸೆಕೆಂಡಿಗಿಂತ ಕಡಿಮೆಯಲ್ಲಿ ಓಡಿದ ಜೊತೆ, ಹಲ್ಲು ಎಷ್ಟೇ ಇರಲಿ, ಮುಂದಿನ ವರ್ಷ ಹಿರಿಯಕ್ಕೆ ಹೋಗಬೇಕು. ಚೆನ್ನಾಗಿ ಓಡುವ ಜೊತೆಯೊಂದು ವರ್ಷ ವರ್ಷ ಎಳೆಯವುಗಳ ನಡುವೆ ನಿಂತು ಗೆಲ್ಲಬಾರದು ಎಂದು. ನಿಯಮ ಸರಿಯಾಗಿಯೇ ಇತ್ತು. ಗಡಿಯಾರವೂ ಸರಿಯಾಗಿಯೇ ಇತ್ತು.

ಕೋಣ ಓಡುವ ಕೆಸರಿನ ಹಾದಿಗೆ ಕರೆ ಎನ್ನುತ್ತಾರೆ, ಅಂಥವು ಅಕ್ಕಪಕ್ಕ ಎರಡು, ಉದ್ದ ನೂರೈವತ್ತು ಗಜ. ಆ ತುದಿಯಲ್ಲಿ ಪಿಂಚಣಿಯ ಪೊಲೀಸನೊಬ್ಬ ಬಿಳಿ ಬಾವುಟ ಎತ್ತಿ ನಿಲ್ಲುತ್ತಿದ್ದ. ಅವನು ಬಾವುಟ ಇಳಿಸುವುದು, ಓಟಗಾರ ಕೋಣ ಬಿಡುವುದು, ನಾನು ಗುಂಡಿ ಒತ್ತುವುದು ಒಟ್ಟಿಗೆ ಆಗಬೇಕು. ಈ ತುದಿಯಲ್ಲಿ ಕೆಸರು ಮುಗಿದು ನೆಲ ಏರುತ್ತದೆ, ಅದು ಮಂಜೊಟ್ಟಿ. ಅದರ ಮೊದಲು ನೆಟ್ಟ ಕಂಬವನ್ನು ಮುಂದಿನ ಕೋಣದ ಮೂಗು ದಾಟಿದಾಗ ಪುನಃ ಒತ್ತಬೇಕು. ಮುಖಕ್ಕೆ ಕೆಸರು ಹಾರಿದರೂ ಕಣ್ಣು ಮುಚ್ಚಬಾರದು. ಸಮಯ ಹೇಳಿದ ಮೇಲೆ ಅದನ್ನು ಪುಸ್ತಕದಲ್ಲಿ ನಾನೇ ಬರೆಯಬೇಕು. ಮೂರು ವರ್ಷ ಹೀಗೆ ಮಾಡಿದೆ.

ನಾಲ್ಕನೆಯ ವರ್ಷಕ್ಕೆ ನನಗೆ ಬಾವುಟ ಕಾಣಲಿಲ್ಲ.

ಹಗಲಿಡೀ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಕೂದಲೆಳೆಯಂಥ ಸ್ಪ್ರಿಂಗ್ ನೋಡುವ ಕೆಲಸ ನಮ್ಮದು. ಹತ್ತಿರದ್ದು ಚೆನ್ನಾಗಿ ಕಾಣುತ್ತಿತ್ತು, ದೂರದ್ದು ಮಂಜಾಗುತ್ತಾ ಬಂತು. ಬಸ್ಸಿನ ಬೋರ್ಡು ಓದಲಾಗದೆ ಉರ್ವಕ್ಕೆ ಹೋಗುವ ಬಸ್ಸನ್ನು ಕಂಡಕ್ಟರನ ಕೂಗು ಕೇಳಿ ಹತ್ತುತ್ತಿದ್ದೆ. ಕನ್ನಡಕ ಹಾಕಬಹುದಿತ್ತು. ಹಾಕಲಿಲ್ಲ. ವಾಚಿನವನಿಗೇ ಕಣ್ಣು ಸರಿಯಿಲ್ಲವಂತೆ ಎಂದು ಗಿರಾಕಿಗಳು ಆಡಿಕೊಳ್ಳುತ್ತಾರೆ ಎಂಬ ಹೆದರಿಕೆ. ಕಂಬಳದಲ್ಲಿ ಸಿಗುತ್ತಿದ್ದ ಮರ್ಯಾದೆಯೂ ರುಚಿ ಹತ್ತಿತ್ತು. ಡೋಲು ಬಾರಿಸುವವರೂ ನನಗೆ ದಾರಿ ಬಿಡುತ್ತಿದ್ದರು.

ನಾನೇ ದಣಿಯ ಹತ್ತಿರ ಹೋಗಿ, ಬಾವುಟ ಹಳೆಯ ಕ್ರಮವಾಯಿತು, ಗರ್ನಲ್ ಸಿಡಿಸೋಣ ಎಂದೆ. ಚರ್ಚಿನ ಹಬ್ಬಕ್ಕೂ ದೇವಸ್ಥಾನದ ಉತ್ಸವಕ್ಕೂ ಸಿಡಿಸುವ ಕಬ್ಬಿಣದ ಕೊಳವೆಯ ಮದ್ದು ಅದು, ಸಣ್ಣದಾದರೂ ಎಷ್ಟು ಡೋಲಿನ ನಡುವೆಯೂ ಕೇಳುತ್ತದೆ. ದೊಡ್ಡ ದೊಡ್ಡ ಊರುಗಳಲ್ಲಿ ಓಟಕ್ಕೆ ಪಿಸ್ತೂಲು ಹಾರಿಸುತ್ತಾರೆ ಎಂದೂ ಸೇರಿಸಿದೆ. ದಣಿಗೆ ಖುಷಿಯಾಯಿತು. "ಪೊರ್ಬುವಿನ ತಲೆ ಉಂಟಲ್ಲ, ಅದೂ ಸ್ವಿಸ್ ಮೇಕು," ಎಂದು ಎಲ್ಲರ ಎದುರು ಹೇಳಿದರು. ನಾನು ನಕ್ಕೆ.

ಆ ವರ್ಷ ಸಮಯಗಳು ಇಳಿದವು. ಒಂದಲ್ಲ, ಎಲ್ಲ ಜೊತೆಗಳದ್ದೂ. ದಣಿಯ ಹಿರಿಯ ಜೊತೆ ಅದುವರೆಗಿನ ಎಲ್ಲ ಸಮಯವನ್ನೂ ಮುರಿಯಿತು. ಊರಿನ ಪತ್ರಿಕೆಯಲ್ಲಿ ಬಂತು. ನನ್ನ ಅಂಗಡಿಯ ಬೆಂಚಿನಲ್ಲಿ ವಾರಗಟ್ಟಲೆ ಅದೇ ಚರ್ಚೆ. ಹುರುಳಿ ಬೇಯಿಸಿ ಕೊಡುವ ಕ್ರಮ ಬದಲಾಗಿದೆ ಎಂದು ಒಬ್ಬ. ಕರೆಗೆ ಈ ಸಲ ಹೊಯಿಗೆ, ಅಂದರೆ ಮರಳು, ಜಾಸ್ತಿ ಹಾಕಿದ್ದರಿಂದ ಕಾಲು ಹೂತುಹೋಗುವುದಿಲ್ಲ ಎಂದು ಇನ್ನೊಬ್ಬ. ನೊಗ ಹಗುರ ಮಾಡಿದ್ದಾರೆ, ತೆಂಗಿನ ಮರ ಹತ್ತಿ ಕಳ್ಳು ಇಳಿಸಿ ಕಾಲು ಗಟ್ಟಿಯಾದ ಮೂರ್ತೆಯವರು ಓಡಿಸಲು ಬಂದಿದ್ದಾರೆ, ಗರ್ನಲ್ಲಿಗೆ ಬೆದರಿ ಕೋಣ ಮೊದಲ ಹೆಜ್ಜೆಯಲ್ಲೇ ಜಿಗಿಯುತ್ತದೆ, ಹೀಗೆ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದ್ದಿರಬೇಕು. ಕೋಣಗಳು ವರ್ಷದಿಂದ ವರ್ಷಕ್ಕೆ ಜೋರಾಗುತ್ತಿದ್ದವು, ಸುಳ್ಳಲ್ಲ. ಆದರೆ ಆ ಒಂದು ವರ್ಷದ ಜೋರಿನಲ್ಲಿ ನನ್ನ ಪಾಲು ಎಷ್ಟು ಎಂಬುದು ಆಗ ನನಗೂ ಗೊತ್ತಿರಲಿಲ್ಲ. ಅಷ್ಟರವರೆಗೆ ನಾನು ಕಳ್ಳನಲ್ಲ.

ಇನ್ನು ಬ್ಯಾರಿಯ ವಿಷಯ, ನಮ್ಮ ಕರಾವಳಿಯ ಮುಸಲ್ಮಾನರನ್ನು ಕರೆಯುವುದು ಹಾಗೆ. ಉರ್ವದಲ್ಲಿ ಸೌದೆ ಡಿಪೋ ಇಟ್ಟಿದ್ದ ಒಬ್ಬ ಬ್ಯಾರಿಗೆ ಕಂಬಳದ ಹುಚ್ಚು. ಅಪ್ಪ ಅಜ್ಜನ ಕಾಲದಿಂದ ವ್ಯಾಪಾರದವರು, ಮನೆಯಲ್ಲಿ ಯಾರೂ ಕೋಣ ಕಟ್ಟಿದ್ದಿಲ್ಲ. ಎರಡು ಕರು ತಂದು ಡಿಪೋದ ಹಿಂದೆ ಕಟ್ಟಿ ಸಾಕಿದ್ದ. ಒಂದಕ್ಕೆ ಕುಟ್ಟಿ ಎಂದು ಹೆಸರು, ಹಣೆಯಲ್ಲಿ ಬಿಳಿ ಇದ್ದ ಇನ್ನೊಂದಕ್ಕೆ ಬೊಲ್ಲ. ಬೆಳಿಗ್ಗೆ ಎರಡನ್ನೂ ನಡೆಸಿಕೊಂಡು ಕಾವೂರಿನ ಕೆರೆಗೆ ಹೋಗಿ ಈಜಿಸಿ, ಎಣ್ಣೆ ಉಜ್ಜಿ ಕರೆದುಕೊಂಡು ಬರುತ್ತಿದ್ದ. ಹೆಂಡತಿಗೆ ತಲೆಗೆ ಹಾಕಲು ಎಣ್ಣೆ ಇಲ್ಲ, ಕೋಣಕ್ಕೆ ಉಂಟು ಎಂದು ಜನ ತಮಾಷೆ ಮಾಡುತ್ತಿದ್ದರು. ಅವಳ ತಲೆಯನ್ನು ನಾನು ನೋಡಿಕೊಳ್ಳುತ್ತೇನೆ, ಕೋಣದ ತಲೆ ನೀವು ನೋಡಿ ಮಾರಾಯ್ರೆ ಎನ್ನುತ್ತಿದ್ದ.

ಆ ವರ್ಷ ಅವನ ಜೊತೆಗೆ ನಾಲ್ಕು ಹಲ್ಲು. ನೇಗಿಲು ಕಿರಿಯದಲ್ಲಿ ಮೊದಲ ಸಲ ಇಳಿಸಿದ. ಗರ್ನಲ್ ಕೇಳಿತು, ಒತ್ತಿದೆ. ಕಪ್ಪಗಿನ ಎರಡು ಮುದ್ದೆ ಮಂಜಿನೊಳಗಿಂದ ಬಂದ ಹಾಗೆ ಬಂದು, ಹತ್ತಿರವಾದಂತೆ ಕೋಣಗಳಾದವು. ಮೂಗು ಕಂಬ ದಾಟಿದಾಗ ಒತ್ತಿದೆ. ಹದಿನಾಲ್ಕು ಸೆಕೆಂಡು, ನಾಲ್ಕು ಗೀಟು. ಹದಿನೈದಕ್ಕೆ ಒಂದು ಗೀಟು ಕಡಿಮೆ. ಕೂಗಿ ಹೇಳಿದೆ. ಬ್ಯಾರಿ ಕೆಸರಿಗೆ ಹಾರಿ ಕುಟ್ಟಿಯ ಕುತ್ತಿಗೆ ಹಿಡಿದುಕೊಂಡ.

ಕಂಬಳ ಮುಗಿದು ಎರಡು ವಾರದ ಮೇಲೆ ಕಾವೂರಿನಲ್ಲಿ ಒಬ್ಬರ ಗೋಡೆ ಗಡಿಯಾರ ಸರಿಮಾಡಲು ಹೋಗಿದ್ದೆ. ಬಿಸಿಲು ಇಳಿಯಲಿ ಎಂದು ಕೆರೆಯ ಕಟ್ಟೆಯ ಮೇಲೆ ಕೂತೆ. ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಆಳಿನ ಮುಖ ಕಾಣದು, ಬಿಸಿಲಿಗೆ ಹೊಳೆಯುವ ದೊಡ್ಡ ಬಿಳಿ ಬಟ್ಟೆ ಮೇಲೇಳುವುದು, ಕಲ್ಲಿಗೆ ಬೀಳುವುದು ಮಾತ್ರ ಮಸುಕಾಗಿ ಕಾಣುತ್ತಿತ್ತು. ಬಟ್ಟೆ ಬಿದ್ದ ಮೇಲೆ ಸದ್ದು ಬರುತ್ತಿತ್ತು. ಬಟ್ಟೆ ಪುನಃ ಅರ್ಧ ಎದ್ದಾಗ, ಹಿಂದಿನ ಪೆಟ್ಟಿನ ಸದ್ದು.

ಎಷ್ಟೋ ಹೊತ್ತು ನೋಡಿದೆ. ಹೈಸ್ಕೂಲಿನಲ್ಲಿ ಮೇಷ್ಟ್ರು ಸಿಡಿಲಿನ ಪಾಠ ಮಾಡಿದ್ದರು. ಬೆಳಕು ಮೊದಲು, ಸದ್ದು ಮತ್ತೆ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು.

ಮರುದಿನ ಕೊಯ್ಲಾದ ಗದ್ದೆಯಲ್ಲಿ ನೂರೈವತ್ತು ಗಜ ಅಳೆದು, ಪಿಂಚಣಿಯ ಪೊಲೀಸನನ್ನು ಆ ತುದಿಯಲ್ಲಿ ನಿಲ್ಲಿಸಿ, ಎರಡು ಹಲಗೆ ತಟ್ಟಲು ಹೇಳಿದೆ. ವಾಚು ಪರೀಕ್ಷೆ ಮಾಡುವುದಕ್ಕೆ ಎಂದೆ. ದೂರದ್ದು ನೋಡಲು ಗಿರಾಕಿಯೊಬ್ಬರ ದುರ್ಬೀನು ತಂದಿದ್ದೆ. ಹಲಗೆ ಕೂಡಿದ್ದು ಕಂಡಾಗ ಒಮ್ಮೆ ಒತ್ತುವುದು, ಸದ್ದು ಕಿವಿಗೆ ಬಂದಾಗ ಇನ್ನೊಮ್ಮೆ ಒತ್ತುವುದು. ಇಪ್ಪತ್ತು ಸಲ ಮಾಡಿದೆ. ಕೆಲವೊಮ್ಮೆ ಒಂದು ಗೀಟು, ಕೆಲವೊಮ್ಮೆ ಮೂರು, ಹೆಚ್ಚಿನ ಸಲ ಎರಡು. ಅವನಿಗೆ ಕೈ ನೋವು ಬಂತು. "ಎಂತ ಪೊರ್ಬುಳೇ, ವಾಚು ಹಾಳಾಗಿದೆಯಾ?" ಎಂದು ಕೇಳಿದ. ವಾಚು ಸರಿ ಉಂಟು ಎಂದೆ.

ಅಂದರೆ ಇಷ್ಟೆ. ಕೋಣ ಬಿಟ್ಟ ಮೇಲೆ ಎರಡು ಗೀಟು ಕಳೆದು ನಾನು ಗಡಿಯಾರ ಶುರು ಮಾಡಿದ್ದೆ. ಕಂಬ ನನ್ನ ಪಕ್ಕದಲ್ಲೇ ಇದ್ದದ್ದರಿಂದ ನಿಲ್ಲಿಸುವಾಗ ತಡ ಆಗುತ್ತಿರಲಿಲ್ಲ. ಗರ್ನಲ್ಲಿನ ಹೊಗೆ ನೋಡಿ ಒತ್ತಿದ್ದರೆ ಸರಿಯಾಗುತ್ತಿತ್ತು. ಹೊಗೆ ನನಗೆ ಕಾಣುತ್ತಿರಲಿಲ್ಲ.

ಮನೆಗೆ ಬಂದು ಸಮಾಧಾನ ಹುಡುಕಿದೆ. ತಪ್ಪು ಎಲ್ಲ ಜೊತೆಗೂ ಒಂದೇ. ಯಾರು ಮೊದಲು, ಯಾರು ಹಿಂದೆ ಎಂಬುದು ಬದಲಾಗುವುದಿಲ್ಲ. ಗೆದ್ದವರು ಗೆದ್ದವರೇ. ಸೋತವರಿಗೂ ಅನ್ಯಾಯವಿಲ್ಲ. ಹೀಗೆ ಎಣಿಸಿಕೊಂಡು ಒಂದು ಚಹಾ ಕುಡಿದೆ. ಅರ್ಧ ಲೋಟ ಆದಾಗ ಹದಿನೈದು ಸೆಕೆಂಡಿನ ನಿಯಮ ನೆನಪಾಯಿತು. ಕೋಣಗಳೆಲ್ಲ ಒಟ್ಟಿಗೆ ಎರಡು ಗೀಟು ಮುಂದೆ ಬಂದಿದ್ದವು. ನಿಯಮದ ಗೆರೆ ಇದ್ದಲ್ಲೇ ಇತ್ತು. ಪುಸ್ತಕ ತೆಗೆದು ನೋಡಿದೆ. ಈ ತಪ್ಪಿನಿಂದ ಗೆರೆ ದಾಟಿದ್ದು ಒಂದೇ ಜೊತೆ. ಕುಟ್ಟಿ, ಬೊಲ್ಲ. ಅವು ನಿಜವಾಗಿ ಓಡಿದ್ದು ಹದಿನೈದು ಸೆಕೆಂಡು, ಒಂದು ಗೀಟು.

ಮಳೆಗಾಲದ ಮೊದಲು ದಣಿಯ ಮನೆಯ ಜಗಲಿಯಲ್ಲಿ ಸಮಿತಿ ಕೂತಿತು. ಮುಂದಿನ ವರ್ಷ ಯಾವ ಜೊತೆ ಯಾವ ವಿಭಾಗಕ್ಕೆ ಎಂದು ತೀರ್ಮಾನಿಸುವ ದಿನ. ಪುಸ್ತಕ ನನ್ನ ತೊಡೆಯ ಮೇಲಿತ್ತು. ಬ್ಯಾರಿಯ ಸರದಿ ಬಂದಾಗ ದಣಿ, ನಿಮ್ಮದು ಹಿರಿಯಕ್ಕೆ ಹೋಗುತ್ತದೆ ಎಂದರು.

ಬ್ಯಾರಿ ಎದ್ದು ನಿಂತ. "ದಣಿಗಳೇ, ಬಾಯಿ ಬಿಡಿಸಿ ನೋಡಿ, ಮುಂದಿನ ವರ್ಷಕ್ಕೂ ಆರು ಹಲ್ಲು ಪೂರ್ತಿ ಬರುವುದಿಲ್ಲ. ಎಳೆ ಮೂಳೆ. ಹಿರಿಯದಲ್ಲಿ ಎಂಟು ಹಲ್ಲಿನವುಗಳ ಪಕ್ಕ ಬಿಟ್ಟರೆ ಅವು ಹಟಕ್ಕೆ ಬಿದ್ದು ಓಡ್ತವೆ. ನನ್ನ ಕೋಣಕ್ಕೆ ನಿಲ್ಲಿಸಲಿಕ್ಕೆ ಗೊತ್ತಿಲ್ಲ."

"ನಿಯಮ ನಾನು ಒಬ್ಬ ಮಾಡಿದ್ದಲ್ಲ ಬ್ಯಾರಿಗಳೇ. ಹಲ್ಲು ಸುಳ್ಳು ಹೇಳಬಹುದು, ಪೊರ್ಬುವಿನ ಗಡಿಯಾರ ಹೇಳುವುದಿಲ್ಲ."

ಎಲ್ಲರೂ ನನ್ನ ಕಡೆ ನೋಡಿದರು. ಆಗ ಒಂದು ಮಾತು ಸಾಕಿತ್ತು. ಆದರೆ ಆ ಮಾತಿನ ಹಿಂದೆ ಎಷ್ಟು ಮಾತು ಬರುತ್ತದೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ದಣಿಯ ಜೊತೆಯ ದಾಖಲೆ ಹೋಗುತ್ತದೆ. ಪತ್ರಿಕೆಯಲ್ಲಿ ಬಂದದ್ದು ಸುಳ್ಳಾಗುತ್ತದೆ. ಹೊಗೆ ನೋಡಿ ಯಾಕೆ ಒತ್ತಲಿಲ್ಲ ಎಂದು ಕೇಳುತ್ತಾರೆ. ಕಣ್ಣು ಕಾಣದವನು ಗಡಿಯಾರ ಹಿಡಿದು ನಿಂತಿದ್ದ ಎಂದು ಬಲ್ಮಠದವರೆಗೆ ಹೋಗುತ್ತದೆ.

ಬ್ಯಾರಿ ನನ್ನ ಹತ್ತಿರ ಬಂದು, "ಪೊರ್ಬುಳೇ, ಎಷ್ಟು ಬರೆದಿದ್ದೀರಿ, ಇನ್ನೊಮ್ಮೆ ಓದಿ," ಎಂದ.

"ಹದಿನಾಲ್ಕು ಸೆಕೆಂಡು, ನಾಲ್ಕು ಗೀಟು," ಎಂದು ಓದಿದೆ.

ಅವನು ಪುಟವನ್ನೇ ಸ್ವಲ್ಪ ಹೊತ್ತು ನೋಡಿದ. ನಾನು ಎಂತದಾದರೂ ಹೇಳುತ್ತೇನೋ ಎಂದು ಕಾಯುತ್ತಿದ್ದಾನೆ ಎಂದು ತಿಳಿದು ತಲೆ ಬಗ್ಗಿಸಿದೆ. ಮತ್ತೆ ಅವನು, "ಸರಿ. ಓಡಿಸ್ತೇನೆ," ಎಂದು ಕೂತುಬಿಟ್ಟ.

ಆ ಮಳೆಗಾಲದಲ್ಲಿ ನಾನು ಕನ್ನಡಕ ಮಾಡಿಸಿದೆ. ಯಾರೂ ಆಡಿಕೊಳ್ಳಲಿಲ್ಲ. ನನ್ನ ಎಲ್ಲ ಹೆದರಿಕೆ ಇಷ್ಟಕ್ಕೆ ಮುಗಿಯಿತು. ಪ್ರಾಯ ಆಯಿತಲ್ಲ ಪೊರ್ಬುಳೇ ಎಂದು ಒಬ್ಬರು ಅಂದರು, ಅಷ್ಟೆ.

ಮುಂದಿನ ಕಂಬಳದಲ್ಲಿ ಗರ್ನಲ್ಲಿನ ಹೊಗೆ ನೋಡಿ ಒತ್ತಿದೆ. ಎಲ್ಲ ಜೊತೆಗಳ ಸಮಯವೂ ಎರಡು ಗೀಟು ಏರಿತು. ಕೋಣಗಳಿಗೆ ಎಂತ ಆಯಿತು ಎಂದು ಜನ ಕೇಳಿದರು. ಈ ಸಲ ಕೆಸರು ಗಟ್ಟಿ ಇರಬೇಕು ಎಂದೆ. ಗಡಿಯಾರವನ್ನು ಹೀಗೆ ಕಳ್ಳತನದಲ್ಲಿ ಸರಿಮಾಡಿದೆ. ವಿಭಾಗವನ್ನು ಸರಿಮಾಡಲಿಲ್ಲ.

ನೇಗಿಲು ಹಿರಿಯದಲ್ಲಿ ಬ್ಯಾರಿಯ ಜೊತೆ ಮೊದಲನೆಯ ಸುತ್ತು ಗೆದ್ದಿತು. ಎರಡನೆಯ ಸುತ್ತಿಗೆ ಪಕ್ಕದ ಕರೆಯಲ್ಲಿ ಬಂದದ್ದು ಬಾಯಿ ಕೂಡಿದ ಜೊತೆ, ನಾಲ್ಕೈದು ಕಂಬಳ ಕಂಡದ್ದು. ಕನ್ನಡಕದಲ್ಲಿ ನನಗೆ ಎಲ್ಲವೂ ಕಾಣುತ್ತಿತ್ತು. ಅರ್ಧದವರೆಗೆ ಸಮಸಮ. ಮತ್ತೆ ಆಚೆಯ ಜೊತೆ ಒಂದು ಮೊಳ ಮುಂದೆ ಹೋಯಿತು. ಬ್ಯಾರಿಯ ಓಟಗಾರ ಬೆತ್ತ ಎತ್ತಲಿಲ್ಲ, ಅದನ್ನು ಇಲ್ಲಿ ಹೇಳಬೇಕು. ಕುಟ್ಟಿ ತಾನಾಗಿ ಕತ್ತು ಚಾಚಿತು. ಬ್ಯಾರಿ ಹೇಳಿದ ಹಾಗೆ ಅದಕ್ಕೆ ನಿಲ್ಲಿಸಲಿಕ್ಕೆ ಗೊತ್ತಿರಲಿಲ್ಲ. ಕಂಬದ ಹತ್ತಿರ, ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ, ಅದರ ಬಲ ಮುಂಗಾಲು ಒಳಗೆ ಮಡಚಿತು. ಭುಜ ಕೆಸರಿಗೆ ಹೊಡೆಯಿತು. ನೊಗ ಎಳೆದು ಬೊಲ್ಲ ಅದರ ಮೇಲೆ ಬಿತ್ತು.

ನಾನು ಗುಂಡಿ ಒತ್ತಿದೆ. ಆಚೆಯ ಜೊತೆ ಕಂಬ ದಾಟಿತ್ತು. ಸಮಯ ಕೂಗಿದೆ. ಹಾಗೆ ಕೂಗಿದ್ದು ನನಗೆ ಈಗಲೂ ಕೇಳುತ್ತದೆ.

ಕಂಪೌಂಡರ್ ಬಂದು ಭುಜ ಮುಟ್ಟಿ ನೋಡಿದ. ಮೂಳೆ ಜಾರಿದೆ, ಕೂಡಿಸಿದರೂ ನಡೆದೀತೇ ಹೊರತು ಓಡುವುದಿಲ್ಲ ಎಂದ. ಬ್ಯಾರಿ ಕುಟ್ಟಿಯ ಮೂಗಿನಿಂದ ಕೆಸರು ತೆಗೆಯುತ್ತಾ, ತಲೆಯಲ್ಲಿದ್ದ ಮುಂಡಾಸಿನಿಂದ ಅದರ ಕಣ್ಣು ಒರೆಸುತ್ತಿದ್ದ. ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು.

ಆ ಸಂಜೆಯೇ ಗಡಿಯಾರವನ್ನೂ ಪುಸ್ತಕವನ್ನೂ ದಣಿಗೆ ಒಪ್ಪಿಸಿದೆ. ಕಣ್ಣು ಸಾಲದು ಎಂದೆ. ಹಿಂದಿನ ವರ್ಷ ಹೇಳಬೇಕಿದ್ದ ನಿಜವನ್ನು ಕೊನೆಗೂ ಹೇಳಿದೆ, ಅದು ಯಾರಿಗೂ ಉಪಯೋಗವಿಲ್ಲದಾಗ.

ಬ್ಯಾರಿ ಕುಟ್ಟಿಯನ್ನು ಮಾರಲಿಲ್ಲ. ಡಿಪೋದ ಹಿಂದೆ ಕುಂಟುತ್ತಾ ಇತ್ತು. ಬೊಲ್ಲನಿಗೆ ಬೇರೆ ಜೊತೆ ಹುಡುಕಿದನಂತೆ, ಅದು ಯಾವುದರ ಪಕ್ಕದಲ್ಲೂ ಹೊಂದಲಿಲ್ಲವಂತೆ. ಬ್ಯಾರಿ ಕಂಬಳ ಬಿಟ್ಟ. ನಾನು ಪ್ರತಿ ತಿಂಗಳು ಪಾದ್ರಿಗಳ ಹತ್ತಿರ ಪಾಪನಿವೇದನೆಗೆ ಹೋಗುತ್ತಿದ್ದೆ. ಸಿಟ್ಟು ಮಾಡಿದ್ದು, ಕುಡಿದದ್ದು, ಪೂಜೆ ತಪ್ಪಿಸಿದ್ದು ಎಲ್ಲ ಹೇಳಿದೆ. ಎರಡು ಗೀಟು ಹತ್ತು ಆಜ್ಞೆಗಳಲ್ಲಿ ಯಾವುದರ ಕೆಳಗೆ ಬರುತ್ತದೆ ಎಂದು ಗೊತ್ತಾಗದೆ, ಅಥವಾ ಗೊತ್ತಾಗದ ಹಾಗೆ ಮಾಡಿಕೊಂಡು, ಅದನ್ನು ಬಿಟ್ಟೆ.

ಏಳು ವರ್ಷ ಬಿಟ್ಟು, ಕುಟ್ಟಿ ಸತ್ತಿತು ಎಂದು ಯಾರೋ ಅಂಗಡಿಯಲ್ಲಿ ಹೇಳಿದರು. ಮರುದಿನ ಉರ್ವಕ್ಕೆ ಹೋದೆ. ಬ್ಯಾರಿಯ ಗಡ್ಡ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು, ಒಳಗಿಂದ ಸ್ಟೂಲು ತಂದಿಟ್ಟು, ಚಹಾ ತರಿಸಿದ. ಡಿಪೋದ ಬಾಗಿಲ ಹಲಗೆಯ ಮೇಲೆ ಡಾಮರಿನಲ್ಲಿ ದೊಡ್ಡದಾಗಿ ಬರೆದಿತ್ತು: ೧೪ ಸೆಕೆಂಡು ೪ ಗೀಟು. ಅದರ ಕೆಳಗೆ ಎರಡು ಕೋಣಗಳ ಹೆಸರು.

ನಾನು ಅದನ್ನು ನೋಡಿಕೊಂಡೇ ಎಲ್ಲವನ್ನೂ ಹೇಳಿದೆ. ಕಣ್ಣು, ಗರ್ನಲ್, ಕೆರೆಯ ಬಟ್ಟೆಯ ಸದ್ದು, ಜಗಲಿಯಲ್ಲಿ ಬಾಯಿ ಮುಚ್ಚಿ ಕೂತದ್ದು. ನಿಮ್ಮ ಜೊತೆ ಗೆರೆ ದಾಟಿರಲಿಲ್ಲ, ಇನ್ನೊಂದು ವರ್ಷ ಕಿರಿಯದಲ್ಲೇ ಇರಬೇಕಿತ್ತು, ಕಾಲು ಹೋದದ್ದು ನನ್ನಿಂದ ಎಂದೆ. ಹೇಳುತ್ತಾ ಹೇಳುತ್ತಾ ನನಗೆ ಹಗುರವಾಗುತ್ತಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಅವನು ಚಹಾದ ಲೋಟವನ್ನು ಕೈಯಲ್ಲೇ ತಿರುಗಿಸುತ್ತಿದ್ದ.

"ಕಾಲು ಹೋದದ್ದು ಬಿಡಿ," ಎಂದ. "ಓಡುವ ಕೋಣಕ್ಕೆ ಕಾಲು ಹೋಗ್ತದೆ. ಆ ದಿನ ಜಗಲಿಯಲ್ಲಿ ನಿಮ್ಮ ಹತ್ತಿರ ಇನ್ನೊಮ್ಮೆ ಓದಿ ಅಂದೆನಲ್ಲ, ಯಾಕೆ ಗೊತ್ತುಂಟಾ?"

ನಾನು ಗೊತ್ತಿಲ್ಲ ಎಂದೆ.

"ಕೇಳಲಿಕ್ಕೆ. ಬಾಯಲ್ಲಿ ಬೇಡ ಬೇಡ ಅಂತಿದ್ದೆ. ಒಳಗೆ ಖುಷಿ ಮಾರಾಯ್ರೆ. ನಾಲ್ಕು ಹಲ್ಲಿನ ಕೋಣ, ಬ್ಯಾರಿಯ ಕೋಣ, ಹದಿನಾಲ್ಕರಲ್ಲಿ ಓಡಿತು ಅಂತ ಅಷ್ಟು ಜನರ ಎದುರು ನೀವು ಓದಿದ್ದು. ಅದಕ್ಕೇ ಒಪ್ಪಿದ್ದು ನಾನು. ಕುಟ್ಟಿ ಕುಂಟುವಾಗಲೂ ನಾನು ಬಾಗಿಲ ಮೇಲೆ ಬರೆದದ್ದನ್ನು ನೋಡ್ತಿದ್ದೆ." ಲೋಟ ಕೆಳಗಿಟ್ಟ. "ನಿನ್ನೆ ಕೋಣ ಹೋಯಿತು. ಇವತ್ತು ಇದನ್ನೂ ತೆಗೆದುಕೊಂಡು ಹೋಗಲಿಕ್ಕೆ ಬಂದಿರಾ ಪೊರ್ಬುಳೇ?"

ನಾನು ಹಗುರವಾಗಲು ಹೋಗಿದ್ದೆ, ಭಾರ ಎಲ್ಲಿ ಇಳಿಯುತ್ತದೆ ಎಂದು ನೋಡಿರಲಿಲ್ಲ. ಎದ್ದು ಬರುವಾಗ ಅವನು, ಚಹಾ ಕುಡಿದು ಹೋಗಿ, ತಣ್ಣಗಾಗ್ತದೆ ಎಂದ. ನಿಂತೇ ಕುಡಿದು ಬಂದೆ.

ಆಮೇಲೆ ಒಂದು ತಿಂಗಳಿಗೆ ಉರ್ವದ ಬಸ್ಸಿನಲ್ಲಿ ಡಿಪೋ ದಾಟಿ ಹೋಗುವುದಿತ್ತು. ಕಿಟಕಿಯ ಪಕ್ಕ ಕೂತಿದ್ದೆ, ಕನ್ನಡಕ ಹಾಕಿಕೊಂಡಿದ್ದೆ. ದೂರದಿಂದಲೇ ಕಂಡಿತು. ಎರಡು ಕೋಣಗಳ ಹೆಸರು ಹಾಗೇ ಇತ್ತು. ಅದರ ಮೇಲೆ ಸಮಯ ಬರೆದಿದ್ದ ಜಾಗವನ್ನು ಬಡಗಿಯ ಕೀಸುಳಿಯಿಂದ ಕೆರೆದಿದ್ದರು. ಆ ಹಳೆಯ ಮಾಸಿದ ಹಲಗೆಯ ನಡುವೆ ಮರ ಹೊಸದರ ಹಾಗೆ ಬೆಳ್ಳಗೆ ಕಾಣುತ್ತಿತ್ತು.